ಮೇದಾಮ್ಲಗಳ ಪಟುರೂಪಗಳು: ಅವುಗಳ ತಯಾರಿಕೆ ಮತ್ತು ಸ್ಥಿರತೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಬಯಲುಸೀಮೆಯಲ್ಲಿ ಕಡಲೆಕಾಯಿಯು ಬಹುಕಾಲದಿಂದ ರೈತರು ನೆಚ್ಚಿಕೊಂಡು ಬಂದಿರುವ ಬೆಳೆ. ರಾಯಚರ್ಲುವಿನಂಥ ಹಳ್ಳಿಗಳಲ್ಲಿ ಬಿತ್ತನೆಗಾಗಿ ತೆಗೆದಿರಿಸಿದ ಕಾಯಿಯು ಮುಂದಿನ ಮುಂಗಾರಿನವರೆಗೆ ತಿಂಗಳುಗಟ್ಟಲೆ ಮೂಟೆಯಲ್ಲಿ ಇರುತ್ತದೆ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಆ ಎಣ್ಣೆಯು ಇಷ್ಟು ಕಾಲವೂ ಇದ್ದಂತೆಯೇ ಇರುತ್ತದೆ. ಅದೇ ಬೀಜವು ಹಸಿಮಣ್ಣಿನಲ್ಲಿ ಬಿದ್ದು ನೀರನ್ನು ಹೀರಿತೆಂದರೆ, ಕೆಲವೇ ದಿನಗಳಲ್ಲಿ ಎಣ್ಣೆಯು ಕರಗಲಾರಂಭಿಸಿ ಸಕ್ಕರೆಯಾಗಿ, ಬೇರಾಗಿ, ಕಾಂಡವಾಗಿ ಮಾರ್ಪಡುತ್ತದೆ. ಗಾಣದಿಂದ ತೆಗೆದ ಎಣ್ಣೆಯನ್ನು ನೀರಿನೊಡನೆ ಎಷ್ಟು ದಿನ ಕಲಸಿಟ್ಟರೂ ಅದು ಸಕ್ಕರೆಯಾಗುವುದಿಲ್ಲ. ಗಾಳಿ ತಗುಲಿ ಕಮಟು ವಾಸನೆ ಹಿಡಿಯುತ್ತದೆ, ಅಷ್ಟೆ.

ಒಂದೇ ಪದಾರ್ಥವು ಒಂದೆಡೆ ತಟಸ್ಥವಾಗಿಯೂ, ಮತ್ತೊಂದೆಡೆ ಚುರುಕಾಗಿಯೂ, ಮೂರನೆಯ ಕಡೆ ಕೆಡುವ ದಾರಿ ಹಿಡಿದೂ ವರ್ತಿಸುವುದಕ್ಕೆ ಕಾರಣವೇನು? ಈ ಪ್ರಶ್ನೆಗೆ ಉತ್ತರವು ಮೇದಾಮ್ಲಗಳಲ್ಲಿಲ್ಲ. ಅವು ಮಾರ್ಪಾಡಿನ ನಡುದಾರಿಯಲ್ಲಿ ತಾಳುವ ಅಲ್ಪಾಯುಷಿ ರೂಪಗಳಲ್ಲಿದೆ. ಈ ರೂಪಗಳನ್ನು ನಾವು ಇಲ್ಲಿ ‘ಪಟುರೂಪ’ಗಳೆಂದು ಕರೆಯುತ್ತೇವೆ. ಅವುಗಳನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ಬಗೆ, ಅವು ಎಷ್ಟು ಹೊತ್ತು ನಿಲ್ಲುತ್ತವೆ ಎಂಬ ವಿಚಾರ, ಈ ಎರಡರ ಅರಿವಿಲ್ಲದೆ ಪ್ರಯೋಗ ನಡೆಸಿದರೆ ಒದಗುವ ತಪ್ಪು ನಿರ್ಣಯಗಳು—ಇವಿಷ್ಟನ್ನು ಈ ಲೇಖನದಲ್ಲಿ ವಿವೇಚಿಸಬೇಕೆಂಬುದು ನಮ್ಮ ಉದ್ದೇಶ. ನಿದರ್ಶನಗಳನ್ನು ಸಾಧ್ಯವಾದ ಮಟ್ಟಿಗೆ ಕಡಲೆಬೀಜದಿಂದಲೇ ಆರಿಸಿಕೊಂಡಿದ್ದೇವೆ.

೧. ಮೇದಾಮ್ಲದ ಜಡತ್ವ

ಮೇದಾಮ್ಲವೆಂದರೆ ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ; ಅದರ ಒಂದು ತುದಿಯಲ್ಲಿ ಕಾರ್ಬಾಕ್ಸಿಲ್ ಗುಂಪು. ಕಡಲೆಕಾಯಿ ಎಣ್ಣೆಯಲ್ಲಿ ಓಲಿಯಿಕ್ ಮತ್ತು ಲಿನೋಲಿಯಿಕ್ ಆಮ್ಲಗಳು ಹೆಚ್ಚಾಗಿಯೂ, ಪಾಮಿಟಿಕ್ ಆಮ್ಲವು ಅದಕ್ಕಿಂತ ಕಡಮೆಯಾಗಿಯೂ ಇವೆ. ಇಪ್ಪತ್ತು ಇಂಗಾಲಗಳ ಅರಾಕಿಡಿಕ್ ಆಮ್ಲಕ್ಕೆ ಆ ಹೆಸರು ಬಂದುದೇ ಕಡಲೆಗಿಡದ ‘ಅರಾಕಿಸ್’ ಎಂಬ ಸಸ್ಯಶಾಸ್ತ್ರೀಯ ನಾಮದಿಂದ.

ಜೀವಕೋಶದೊಳಗಿನ ತಟಸ್ಥ ದ್ರಾವಣದಲ್ಲಿ ಕಾರ್ಬಾಕ್ಸಿಲ್ ಗುಂಪು ತನ್ನ ಜಲಜನಕವನ್ನು ಕಳೆದುಕೊಂಡು ಋಣ ವಿದ್ಯುದಂಶವನ್ನು ಹೊತ್ತಿರುತ್ತದೆ. ಈ ಋಣಾಂಶವು ಎರಡು ಆಮ್ಲಜನಕಗಳ ಮೇಲೂ ಸಮನಾಗಿ ಹಂಚಿಹೋಗಿರುವುದರಿಂದ ಗುಂಪು ಬಹು ಸ್ಥಿರವಾದುದು. ಬೇರೊಂದು ಅಣು ಬಂದು ಅದರ ಇಂಗಾಲವನ್ನು ಹಿಡಿಯಬೇಕಾದರೆ ಮೊದಲು ಆಮ್ಲಜನಕವೊಂದು ಬಿಟ್ಟುಹೋಗಬೇಕು. ಅದು ಸುಲಭವಾಗಿ ಬಿಟ್ಟುಹೋಗುವ ಜಾತಿಯದಲ್ಲ. ಪಕ್ಕದ ಇಂಗಾಲಗಳಿಂದ ಜಲಜನಕವನ್ನು ಕಿತ್ತುಕೊಳ್ಳುವುದೂ ಅಷ್ಟೇ ಕಷ್ಟ. ಆದುದರಿಂದ ಮೇದಾಮ್ಲವನ್ನು ಬಳಸಿಕೊಳ್ಳಬೇಕಾದ ಜೀವಕೋಶವು ಆ ಆಮ್ಲಜನಕದ ಜಾಗದಲ್ಲಿ ಸುಲಭವಾಗಿ ಬಿಡುವಂಥ ಮತ್ತೊಂದು ಗುಂಪನ್ನು ಮೊದಲು ಕೂಡಿಸಬೇಕಾಗುತ್ತದೆ. ಹೀಗೆ ಕೂಡಿಸುವುದನ್ನೇ ಪಟುಗೊಳಿಸುವಿಕೆ ಎನ್ನುತ್ತೇವೆ.

ಕೂಡಿಸಬಹುದಾದ ಗುಂಪುಗಳು ಹಲವು. ರಂಜಕಾಮ್ಲವನ್ನು ಕೂಡಿಸಿದರೆ ಅಸೈಲ್ ಫಾಸ್ಫೇಟ್; ಅಡೆನಿಲಿಕ್ ಆಮ್ಲವನ್ನು ಕೂಡಿಸಿದರೆ ಅಸೈಲ್ ಅಡೆನಿಲೇಟು; ಸಹಕಿಣ್ವ-ಎ ಎಂಬುದರ ಗಂಧಕದ ತುದಿಯನ್ನು ಕೂಡಿಸಿದರೆ ಥಯೊಎಸ್ಟರು, ಎಂದರೆ ಗಂಧಕದ ಎಸ್ಟರು. ನೀರಿನಲ್ಲಿ ಒಡೆದಾಗ ಹೊರಬರುವ ಮುಕ್ತಶಕ್ತಿಯಿಂದ ಇವುಗಳನ್ನು ಹೋಲಿಸುವುದು ವಾಡಿಕೆ. ಪ್ರಮಾಣ ಸ್ಥಿತಿಯಲ್ಲಿ ಅಸಿಟೈಲ್ ಫಾಸ್ಫೇಟಿನಿಂದ ಮೋಲಿಗೆ ಸುಮಾರು ೪೩ ಕಿಲೋಜೌಲ್, ಅಸಿಟೈಲ್ ಸಹಕಿಣ್ವ-ಎಯಿಂದ ಸುಮಾರು ೩೧, ಸಾಮಾನ್ಯ ಎಸ್ಟರಾದ ಈಥೈಲ್ ಅಸಿಟೇಟಿನಿಂದ ಸುಮಾರು ೨೦ ಕಿಲೋಜೌಲ್ ಹೊರಬರುತ್ತದೆ. ಆಮ್ಲಜನಕದ ಎಸ್ಟರಿಗೂ ಗಂಧಕದ ಎಸ್ಟರಿಗೂ ಇರುವ ಈ ವ್ಯತ್ಯಾಸಕ್ಕೆ ಕಾರಣವಿದೆ. ಆಮ್ಲಜನಕವು ತನ್ನ ಎಲೆಕ್ಟ್ರಾನುಗಳನ್ನು ಪಕ್ಕದ ಇಂಗಾಲದೊಡನೆ ಹಂಚಿಕೊಂಡು ಎಸ್ಟರನ್ನು ಸ್ಥಿರಗೊಳಿಸುತ್ತದೆ. ಗಾತ್ರದಲ್ಲಿ ದೊಡ್ಡದಾದ ಗಂಧಕವು ಹಾಗೆ ಹಂಚಿಕೊಳ್ಳಲು ಅಷ್ಟಾಗಿ ಶಕ್ತವಲ್ಲ. ಇದರಿಂದಾಗಿ ಥಯೊಎಸ್ಟರಿನ ಇಂಗಾಲವು ಹೊರಗಿನ ಅಣುಗಳಿಗೆ ಸುಲಭವಾಗಿ ಸಿಕ್ಕುತ್ತದೆ. ಅದರ ಪಕ್ಕದ ಇಂಗಾಲದ ಜಲಜನಕವೂ ಸಡಿಲವಾಗುತ್ತದೆ. ಮೇದಾಮ್ಲದ ಸರಪಳಿಯನ್ನು ಮುರಿಯುವುದಕ್ಕೂ ಬೆಳೆಸುವುದಕ್ಕೂ ಈ ಎರಡು ಗುಣಗಳೇ ಆಧಾರ.

೨. ಸ್ಥಿರತೆಯ ಎರಡು ಅರ್ಥಗಳು

ಮುಂದುವರಿಯುವ ಮೊದಲು ‘ಸ್ಥಿರತೆ’ ಎಂಬ ಮಾತಿನ ಅರ್ಥವನ್ನು ಬಿಡಿಸಿಕೊಳ್ಳಬೇಕು. ವಿದ್ಯಾರ್ಥಿಗಳು ಹಲವು ವೇಳೆ ಶಕ್ತಿ ಹೆಚ್ಚಾಗಿರುವ ಪದಾರ್ಥವು ಬೇಗನೆ ಒಡೆಯಲೇಬೇಕೆಂದು ಭಾವಿಸುತ್ತಾರೆ. ಇದು ಸರಿಯಲ್ಲ. ನಮ್ಮ ಸೀಮೆಯ ಕೆರೆಯೊಂದನ್ನು ನೆನೆಯೋಣ. ಏರಿಯ ಹಿಂದೆ ನಿಂತ ನೀರು ಗದ್ದೆಯ ಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿದೆಯೆಂಬುದು ಒಂದು ವಿಷಯ. ತೂಬು ಮುಚ್ಚಿದೆಯೋ ತೆರೆದಿದೆಯೋ ಎಂಬುದು ಬೇರೆಯೇ ವಿಷಯ. ಎತ್ತರವು ಮುಕ್ತಶಕ್ತಿಗೆ ಸಮಾನ. ತೂಬು ಕ್ರಿಯೆಯ ವೇಗಕ್ಕೆ ಸಮಾನ. ಅಸಿಟೈಲ್ ಸಹಕಿಣ್ವ-ಎಯಲ್ಲಿ ನೀರು ಎತ್ತರದಲ್ಲಿದೆ, ಆದರೆ ತೂಬು ಭದ್ರವಾಗಿ ಮುಚ್ಚಿದೆ: ತಟಸ್ಥ ಅಥವಾ ಸ್ವಲ್ಪ ಆಮ್ಲೀಯವಾದ ತಣ್ಣನೆಯ ನೀರಿನಲ್ಲಿ ಅದು ದಿನಗಟ್ಟಲೆ ಉಳಿದುಕೊಳ್ಳಬಲ್ಲುದು. ಕಿಣ್ವವು ತೂಬನ್ನೆತ್ತುವ ನೀರಗಂಟಿ. ಅಸಿಟಿಕ್ ಅನ್‌ಹೈಡ್ರೈಡಿನಲ್ಲಾದರೋ ಏರಿಯೇ ಬಿರುಕುಬಿಟ್ಟಂತೆ: ೨೫ ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಅದರ ಅರ್ಧಾಯು ನಾಲ್ಕೈದು ನಿಮಿಷ ಮಾತ್ರ.

ಜೀವಕೋಶಕ್ಕೆ ಬೇಕಾದುದು ಎತ್ತರದಲ್ಲಿ ನಿಂತಿದ್ದು, ಕರೆದಾಗ ಮಾತ್ರ ಹರಿಯುವ ನೀರು. ಈ ದೃಷ್ಟಿಯಿಂದ ಥಯೊಎಸ್ಟರು ಬಹಳ ಹೊಂದಿಕೆಯಾದ ಪದಾರ್ಥ.

೩. ‘ಪಟು ಅಸಿಟೇಟಿ’ನ ಶೋಧ

ಮೇದಾಮ್ಲದ ಸರಪಳಿಯು ಎರಡೆರಡು ಇಂಗಾಲಗಳ ತುಂಡುಗಳಾಗಿ ಕಡಿಯಲ್ಪಡುತ್ತದೆ ಎಂಬುದನ್ನು ೧೯೦೪ರಲ್ಲಿ ಜರ್ಮನಿಯ ಫ್ರಾನ್ಸ್ ಕ್ನೂಪ್ ತೋರಿಸಿಕೊಟ್ಟನು. ಸರಪಳಿಯ ತುದಿಗೆ ಫೀನೈಲ್ ಗುಂಪನ್ನು ಗುರುತಿಗಾಗಿ ಅಂಟಿಸಿದ ಆಮ್ಲಗಳನ್ನು ನಾಯಿಗಳಿಗೆ ತಿನ್ನಿಸಿ, ಮೂತ್ರದಲ್ಲಿ ಯಾವ ತುಂಡು ಹೊರಬೀಳುವುದೆಂಬುದನ್ನು ಆತನು ಪರೀಕ್ಷಿಸಿದನು. ಆದರೆ ಆ ಎರಡು ಇಂಗಾಲದ ತುಂಡು ಯಾವ ರೂಪದಲ್ಲಿ ಬಿಡುಗಡೆಯಾಗುತ್ತದೆ ಎಂಬುದು ಮುಂದಿನ ಸುಮಾರು ಐವತ್ತು ವರ್ಷ ತಿಳಿಯಲಿಲ್ಲ. ಅದು ಸಾಮಾನ್ಯ ಅಸಿಟಿಕ್ ಆಮ್ಲವಂತೂ ಆಗಿರಲಾರದು. ಆದುದರಿಂದ ‘ಪಟು ಅಸಿಟೇಟು’ ಎಂಬ ಹೆಸರನ್ನು ಕೊಟ್ಟು ವಿಜ್ಞಾನಿಗಳು ಅದನ್ನು ಅರಸುತ್ತಿದ್ದರು.

ಫ್ರಿಟ್ಸ್ ಲಿಪ್‌ಮನ್ ಮೊದಲು ಅಸಿಟೈಲ್ ಫಾಸ್ಫೇಟೇ ಆ ಪದಾರ್ಥವಿರಬಹುದೆಂದು ಊಹಿಸಿದನು. ಕೆಲವು ಬ್ಯಾಕ್ಟೀರಿಯಗಳಲ್ಲಿ ಅದು ದೊರೆತಿತ್ತು. ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಲೂಬಹುದಾಗಿತ್ತು. ಆದರೆ ಪಾರಿವಾಳದ ಯಕೃತ್ತಿನ ಸಾರದಲ್ಲಿ ಅದು ನಿರೀಕ್ಷಿಸಿದ ಕೆಲಸವನ್ನು ಮಾಡಲಿಲ್ಲ. ಈ ವೈಫಲ್ಯವನ್ನು ಹಿಂಬಾಲಿಸಿ ಹೋದುದರಿಂದಲೇ ಆತನಿಗೆ ಉಷ್ಣಕ್ಕೆ ಅಳುಕದ ಹೊಸದೊಂದು ಸಹಕಿಣ್ವವು ಗೋಚರವಾಯಿತು, ಅದೇ ಸಹಕಿಣ್ವ-ಎ. ೧೯೫೧ರಲ್ಲಿ ಮ್ಯೂನಿಕ್ಕಿನ ಫಿಯೋಡೋರ್ ಲೀನೆನ್ ಮತ್ತು ಆತನ ಸಹೋದ್ಯೋಗಿ ರೈಶರ್ಟ್ ಯೀಸ್ಟಿನಿಂದ ಪಟು ಅಸಿಟೇಟನ್ನು ಬೇರ್ಪಡಿಸಿ, ಅಸಿಟೈಲ್ ಗುಂಪು ಸಹಕಿಣ್ವ-ಎಯ ಗಂಧಕಕ್ಕೆ ಸೇರಿಕೊಂಡಿರುವುದನ್ನು ಪ್ರಕಟಿಸಿದರು. ಲಿಪ್‌ಮನ್ನನಿಗೆ ೧೯೫೩ರಲ್ಲಿಯೂ ಲೀನೆನ್ನನಿಗೆ ೧೯೬೪ರಲ್ಲಿಯೂ ನೊಬೆಲ್ ಪಾರಿತೋಷಕವು ಹಂಚಿಕೆಯಲ್ಲಿ ಸಂದಿತು.

ಅತ್ಯಂತ ಚುರುಕಾದ ಪದಾರ್ಥವೇ ಜೀವಕೋಶದ ಆಯ್ಕೆಯಾಗಿರಬೇಕಿಲ್ಲ ಎಂಬುದು ಈ ಇತಿಹಾಸದಿಂದ ಸ್ಪಷ್ಟವಾಗುತ್ತದೆ. ಅಸಿಟೈಲ್ ಫಾಸ್ಫೇಟು ಶಕ್ತಿಯಲ್ಲಿ ಅಸಿಟೈಲ್ ಸಹಕಿಣ್ವ-ಎಯನ್ನು ಮೀರಿಸುತ್ತದೆ. ಆದರೂ ಪ್ರಾಣಿಗಳ ಮೇದಾಮ್ಲ ವ್ಯವಹಾರದಲ್ಲಿ ಅದಕ್ಕೆ ಸ್ಥಾನವಿಲ್ಲ.

೪. ಅಡೆನಿಲೇಟು: ಕಿಣ್ವದ ಮಡಿಲಿನ ಮಧ್ಯವರ್ತಿ

ಮೇದಾಮ್ಲವು ಸಹಕಿಣ್ವ-ಎಯೊಡನೆ ಕೂಡಬೇಕಾದರೆ ಶಕ್ತಿ ಬೇಕು. ಅದನ್ನು ಎಟಿಪಿ ಒದಗಿಸುತ್ತದೆ. ದೀರ್ಘ ಸರಪಳಿಯ ಮೇದಾಮ್ಲಗಳ ಸಹಕಿಣ್ವ-ಎ ಎಸ್ಟರುಗಳು ಕಿಣ್ವದ ಮೂಲಕ ಉಂಟಾಗುವುದನ್ನು ೧೯೫೩ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಮತ್ತು ಪ್ರೈಸರ್ ವರದಿ ಮಾಡಿದರು. ಎಟಿಪಿಯು ಇಲ್ಲಿ ಎಎಂಪಿ ಮತ್ತು ಪೈರೊಫಾಸ್ಫೇಟಾಗಿ ಒಡೆಯುತ್ತದೆ. ನಡುವೆ ಏನು ನಡೆಯುತ್ತದೆಂಬುದನ್ನು ೧೯೫೬ರಲ್ಲಿ ಪಾಲ್ ಬರ್ಗ್ ಅಸಿಟಿಕ್ ಆಮ್ಲವನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸಿದನು: ಮೊದಲ ಹೆಜ್ಜೆಯಲ್ಲಿ ಆಮ್ಲವು ಎಎಂಪಿಯೊಡನೆ ಸೇರಿ ಅಡೆನಿಲೇಟಾಗುತ್ತದೆ, ಎರಡನೆಯ ಹೆಜ್ಜೆಯಲ್ಲಿ ಸಹಕಿಣ್ವ-ಎಯ ಗಂಧಕವು ಎಎಂಪಿಯನ್ನು ಹೊರದೂಡಿ ಆ ಸ್ಥಾನವನ್ನು ಆಕ್ರಮಿಸುತ್ತದೆ.

ಬರ್ಗನ ತರ್ಕವು ಗಮನಾರ್ಹವಾದುದು. ಅಡೆನಿಲೇಟು ಕಿಣ್ವವನ್ನು ಬಿಟ್ಟು ಹೊರಗೆ ಬರುವುದೇ ಅಪರೂಪ. ಆದುದರಿಂದ ಕ್ರಿಯೆಯ ನಡುವೆ ಅದನ್ನು ಹಿಡಿದು ಸೀಸೆಗೆ ತುಂಬುವುದು ಆಗದ ಮಾತು. ಆತನು ಅಸಿಟೈಲ್ ಅಡೆನಿಲೇಟನ್ನು ರಸಾಯನ ವಿಧಾನದಿಂದ ಪ್ರತ್ಯೇಕವಾಗಿ ತಯಾರಿಸಿ ಕಿಣ್ವಕ್ಕೆ ಒಪ್ಪಿಸಿದನು. ಪೈರೊಫಾಸ್ಫೇಟನ್ನು ಕೊಟ್ಟಾಗ ಕಿಣ್ವವು ಅದರಿಂದ ಎಟಿಪಿಯನ್ನು ಮಾಡಿತು. ಸಹಕಿಣ್ವ-ಎಯನ್ನು ಕೊಟ್ಟಾಗ ಥಯೊಎಸ್ಟರನ್ನು ಮಾಡಿತು. ಕಣ್ಣಿಗೆ ಸಿಗದ ಮಧ್ಯವರ್ತಿಯನ್ನು ಹೊರಗೆ ನಿರ್ಮಿಸಿ, ಅದು ಎರಡು ದಿಕ್ಕಿಗೂ ಸಾಗುವುದನ್ನು ತೋರಿಸುವ ಈ ಪದ್ಧತಿಯು ಮುಂದೆ ಅನೇಕ ಸಂಶೋಧನೆಗಳಿಗೆ ಮಾದರಿಯಾಯಿತು.

ಅಡೆನಿಲೇಟುಗಳನ್ನು ತಯಾರಿಸಲು ಪಿರಿಡಿನ್ ಬೆರಸಿದ ದ್ರಾವಣದಲ್ಲಿ ಎಎಂಪಿಗೆ ಆಮ್ಲದ ಅನ್‌ಹೈಡ್ರೈಡನ್ನು ಸೇರಿಸುವುದು ಒಂದು ಕ್ರಮ. ಡೈಸೈಕ್ಲೊಹೆಕ್ಸೈಲ್ ಕಾರ್ಬೊಡೈಇಮೈಡ್ ಎಂಬ ನಿರ್ಜಲಕಾರಿಯಿಂದ ಆಮ್ಲವನ್ನೂ ಎಎಂಪಿಯನ್ನೂ ಬೆಸೆಯುವುದು ಮತ್ತೊಂದು. ದೊರೆತ ಪದಾರ್ಥವನ್ನು ಒಣಗಿಸಿ ಶೈತ್ಯದಲ್ಲಿಡಬೇಕು. ನೀರಿನಲ್ಲಿ, ಅದರಲ್ಲಿಯೂ ಕ್ಷಾರೀಯ ದ್ರಾವಣದಲ್ಲಿ, ಅದು ಬೇಗನೆ ಒಡೆಯುತ್ತದೆ. ಅಮೈನುಗಳು ಎದುರಾದರೆ ಕಿಣ್ವದ ನೆರವಿಲ್ಲದೆಯೇ ಅವುಗಳನ್ನು ಹಿಡಿದುಕೊಳ್ಳುತ್ತದೆ. ಬಫರ್ ದ್ರಾವಣಕ್ಕೆ ಅಮೈನು ಜಾತಿಯ ಪದಾರ್ಥವನ್ನು ಆರಿಸುವವರು ಇದನ್ನು ಮರೆಯಬಾರದು.

ಅಡೆನಿಲೇಟು ಯಾವಾಗಲೂ ಸಹಕಿಣ್ವ-ಎಯ ಕಡೆಗೇ ಸಾಗಬೇಕೆಂಬ ನಿಯಮವೂ ಇಲ್ಲ. ಕ್ಷಯರೋಗದ ಬ್ಯಾಕ್ಟೀರಿಯದಲ್ಲಿ ಮೇದಾಮ್ಲವನ್ನು ಅಡೆನಿಲೇಟಿನವರೆಗೆ ಮಾತ್ರ ಒಯ್ದು, ಅಲ್ಲಿಂದ ನೇರವಾಗಿ ಬೇರೊಂದು ಕಿಣ್ವಸಮೂಹಕ್ಕೆ ದಾಟಿಸುವ ಕಿಣ್ವಗಳಿವೆಯೆಂಬುದನ್ನು ೨೦೦೪ರಲ್ಲಿ ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆಯ ರಾಜೇಶ್ ಗೋಖಲೆ ಮತ್ತು ಸಂಗಡಿಗರು ತೋರಿಸಿದರು. ಆ ಬ್ಯಾಕ್ಟೀರಿಯದ ಹೊದಿಕೆಯಲ್ಲಿರುವ ವಿಶಿಷ್ಟ ಮೇದಸ್ಸುಗಳ ನಿರ್ಮಾಣಕ್ಕೆ ಇದು ಸಂಬಂಧಿಸಿದುದು. ಆದುದರಿಂದ ಔಷಧಗಳನ್ನು ಅರಸುವವರಿಗೂ ಇದು ಮುಖ್ಯವಾದ ವಿಷಯ.

೫. ಥಯೊಎಸ್ಟರುಗಳ ತಯಾರಿಕೆ

ಸಹಕಿಣ್ವ-ಎಯ ಎಸ್ಟರುಗಳನ್ನು ತಯಾರಿಸಲು ನಾಲ್ಕು ವಿಧಾನಗಳು ಬಳಕೆಯಲ್ಲಿವೆ.

ಮೊದಲನೆಯದು ಅನ್‌ಹೈಡ್ರೈಡಿನ ವಿಧಾನ. ಸಹಕಿಣ್ವ-ಎಯನ್ನು ಬೈಕಾರ್ಬೊನೇಟ್ ದ್ರಾವಣದಲ್ಲಿ ಕರಗಿಸಿ, ಮಂಜುಗಡ್ಡೆಯ ಮೇಲಿರಿಸಿ, ಹೊಸದಾಗಿ ಶುದ್ಧಿಮಾಡಿದ ಅಸಿಟಿಕ್ ಅನ್‌ಹೈಡ್ರೈಡನ್ನು ಸ್ವಲ್ಪ ಹೆಚ್ಚಾಗಿ ಸೇರಿಸಿದರೆ ಕೆಲವೇ ನಿಮಿಷಗಳಲ್ಲಿ ಕ್ರಿಯೆ ಮುಗಿಯುತ್ತದೆ. ಸಕ್ಸಿನಿಕ್ ಅನ್‌ಹೈಡ್ರೈಡಿನಿಂದ ಸಕ್ಸಿನೈಲ್ ಎಸ್ಟರನ್ನು ತಯಾರಿಸುವ ಇಂಥ ಕ್ರಮವನ್ನು ೧೯೫೩ರಲ್ಲಿ ಸೈಮನ್ ಮತ್ತು ಶೆಮಿನ್ ಪ್ರಕಟಿಸಿದರು. ಕ್ರಿಯೆ ಮುಗಿಯಿತೇ ಎಂಬುದನ್ನು ನೈಟ್ರೊಪ್ರಸ್ಸೈಡಿನಿಂದ ಪರೀಕ್ಷಿಸಬಹುದು; ಬಿಡಿ ಥಯೋಲ್ ಉಳಿದಿದ್ದರೆ ಕೆಂಬಣ್ಣ ಬರುತ್ತದೆ. ನೀರು ಮತ್ತು ಗಂಧಕ ಎರಡೂ ಅನ್‌ಹೈಡ್ರೈಡಿಗಾಗಿ ಸ್ಪರ್ಧಿಸುತ್ತವೆ. ಗಂಧಕವೇ ಗೆಲ್ಲುವುದರಿಂದ ಈ ವಿಧಾನವು ಸಾಧ್ಯವಾಗಿದೆ.

ಎರಡನೆಯದು ಮಿಶ್ರ ಅನ್‌ಹೈಡ್ರೈಡಿನ ವಿಧಾನ. ದೀರ್ಘ ಸರಪಳಿಯ ಆಮ್ಲಗಳ ಅನ್‌ಹೈಡ್ರೈಡುಗಳು ನೀರಿನಲ್ಲಿ ಕರಗುವುದಿಲ್ಲ. ಆದುದರಿಂದ ಮೇದಾಮ್ಲವನ್ನು ತೇವವಿಲ್ಲದ ದ್ರಾವಕದಲ್ಲಿ ಈಥೈಲ್ ಕ್ಲೋರೊಫಾರ್ಮೇಟಿನೊಡನೆ ಕೂಡಿಸಿ, ಆ ಮಿಶ್ರ ಅನ್‌ಹೈಡ್ರೈಡನ್ನು ಟೆಟ್ರಾಹೈಡ್ರೊಫ್ಯುರಾನ್ ಬೆರಸಿದ ನೀರಿನಲ್ಲಿರುವ ಸಹಕಿಣ್ವ-ಎಗೆ ಸೇರಿಸುತ್ತಾರೆ. ಮೂರನೆಯದು ಸಕ್ಸಿನಿಮೈಡ್ ಎಸ್ಟರಿನ ವಿಧಾನ; ೧೯೬೯ರಲ್ಲಿ ಅಲ್-ಆರಿಫ್ ಮತ್ತು ಬ್ಲೆಕರ್ ಇದನ್ನು ವಿವರಿಸಿದರು. ಈ ಎಸ್ಟರು ಹರಳಾಗಿ ದೊರೆಯುವುದರಿಂದ ಒಣಗಿಸಿ ಇಟ್ಟುಕೊಂಡು ಬೇಕಾದಾಗ ಬಳಸಬಹುದು. ನಾಲ್ಕನೆಯದು ಕಿಣ್ವದ ವಿಧಾನ: ಎಟಿಪಿ, ಮೆಗ್ನೀಸಿಯಂ ಮತ್ತು ಸಹಕಿಣ್ವ-ಎಯನ್ನು ಕೂಡಿಸಿ ಜೀವಕೋಶದ ಕಿಣ್ವದಿಂದಲೇ ಕೆಲಸ ಮಾಡಿಸುವುದು. ಅಲ್ಪ ಪ್ರಮಾಣದಲ್ಲಿ, ವಿಕಿರಣಶೀಲ ಗುರುತುಳ್ಳ ಮೇದಾಮ್ಲವನ್ನು ಬಳಸುವಾಗ, ಇದು ಅನುಕೂಲ.

ಸಿದ್ಧವಾದ ಪದಾರ್ಥವನ್ನು ಪರೀಕ್ಷಿಸದೆ ಉಪಯೋಗಿಸಬಾರದು. ಅಡೆನಿನ್ ಭಾಗವು ೨೬೦ ನ್ಯಾನೊಮೀಟರಿನ ಅತಿನೇರಿಳೆ ಬೆಳಕನ್ನೂ, ಥಯೊಎಸ್ಟರಿನ ಬಂಧವು ೨೩೨ ನ್ಯಾನೊಮೀಟರಿನ ಆಸುಪಾಸಿನ ಬೆಳಕನ್ನೂ ಹೀರುತ್ತದೆ. ಇವೆರಡರ ಪ್ರಮಾಣದಿಂದ ಎಷ್ಟು ಪಾಲು ನಿಜವಾಗಿ ಎಸ್ಟರಾಗಿದೆಯೆಂಬುದು ತಿಳಿಯುತ್ತದೆ. ಅಲ್ಲದೆ, ಎಸ್ಟರನ್ನು ಕ್ಷಾರದಿಂದ ಒಡೆದು, ಹೊರಬಂದ ಥಯೋಲನ್ನು ೧೯೫೯ರಲ್ಲಿ ಎಲ್‌ಮನ್ ಬಳಕೆಗೆ ತಂದ ಕಾರಕದಿಂದ ೪೧೨ ನ್ಯಾನೊಮೀಟರಿನಲ್ಲಿ ಅಳೆಯಬಹುದು. ಒಡೆಯುವ ಮೊದಲು ಅಳೆದ ಥಯೋಲಿಗೂ ಅನಂತರ ಅಳೆದುದಕ್ಕೂ ಇರುವ ವ್ಯತ್ಯಾಸವೇ ಎಸ್ಟರಿನ ಪ್ರಮಾಣ.

೬. ಥಯೊಎಸ್ಟರು ಹಾಳಾಗುವ ಬಗೆಗಳು

ಪಿಎಚ್ ಮಾನವು ಎಲ್ಲಕ್ಕಿಂತ ಮುಖ್ಯ. ೪ರಿಂದ ೬ರವರೆಗಿನ ಪಿಎಚ್‌ನಲ್ಲಿ, ಘನೀಭವಿಸಿದ ಸ್ಥಿತಿಯಲ್ಲಿ, ಥಯೊಎಸ್ಟರುಗಳು ಚೆನ್ನಾಗಿ ಉಳಿಯುತ್ತವೆ. ಪಿಎಚ್ ಏರಿದಂತೆ ಜಲವಿಚ್ಛೇದನೆಯು ತೀವ್ರವಾಗುತ್ತದೆ. ಹೈಡ್ರಾಕ್ಸಿಲಮೀನಿನಂಥ ಪದಾರ್ಥವಿದ್ದರೆ ತಟಸ್ಥ ದ್ರಾವಣದಲ್ಲಿಯೂ ನಿಲ್ಲುವುದಿಲ್ಲ.

ಅಣುವಿನ ರಚನೆಯೂ ಲೆಕ್ಕಕ್ಕೆ ಬರುತ್ತದೆ. ಸಕ್ಸಿನೈಲ್ ಎಸ್ಟರಿನ ಮತ್ತೊಂದು ತುದಿಯಲ್ಲಿ ಬಿಡಿ ಕಾರ್ಬಾಕ್ಸಿಲ್ ಗುಂಪಿದೆ. ಅದು ಬಾಗಿ ಬಂದು ತನ್ನದೇ ಥಯೊಎಸ್ಟರನ್ನು ಹೊಡೆದು ಉಂಗುರಾಕಾರದ ಅನ್‌ಹೈಡ್ರೈಡಾಗಿ ಸಹಕಿಣ್ವ-ಎಯನ್ನು ಕಳಚಿಬಿಡುತ್ತದೆ. ಆದುದರಿಂದಲೇ ಅಸಿಟೈಲ್ ಎಸ್ಟರಿಗಿಂತ ಸಕ್ಸಿನೈಲ್ ಎಸ್ಟರಿನ ಆಯುಷ್ಯ ಬಹಳ ಕಡಮೆ. ಬೀಟಾ ಸ್ಥಾನದಲ್ಲಿ ಕೀಟೊ ಗುಂಪುಳ್ಳ ಮೇದಾಮ್ಲವು ಬಿಡಿಯಾಗಿದ್ದರೆ ಇಂಗಾಲಾಮ್ಲವಾಯುವನ್ನು ಕಳೆದುಕೊಂಡು ಕೀಟೋನಾಗುತ್ತದೆ. ಸಹಕಿಣ್ವ-ಎಯೊಡನೆ ಎಸ್ಟರಾಗಿರುವಾಗ ಆ ದಾರಿ ಮುಚ್ಚುವುದರಿಂದ ಉಳಿದುಕೊಳ್ಳುತ್ತದೆ. ಎಸ್ಟರಾಗಿಸುವುದು ಪಟುತ್ವವನ್ನು ಕೊಡುವುದರ ಜೊತೆಗೆ ರಕ್ಷಣೆಯನ್ನೂ ಕೊಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ದೀರ್ಘ ಸರಪಳಿಯ ಎಸ್ಟರುಗಳು ಸ್ವಭಾವದಲ್ಲಿ ಸಾಬೂನಿನಂತೆ. ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ಎಣ್ಣೆಯನ್ನು. ದ್ರಾವಣದಲ್ಲಿ ಅವುಗಳ ಪ್ರಮಾಣವು ಮಿತಿ ಮೀರಿದರೆ ಅಣುಗಳು ಗುಂಪುಗೂಡಿ ಮಿಸೆಲ್‌ಗಳಾಗುತ್ತವೆ. ಅವು ಕಿಣ್ವಗಳ ರಚನೆಯನ್ನೇ ಕೆಡಿಸಬಲ್ಲವು. ಆದುದರಿಂದ ಪಾಮಿಟೈಲ್ ಸಹಕಿಣ್ವ-ಎಯು ಯಾವುದಾದರೊಂದು ಕಿಣ್ವವನ್ನು ತಡೆಯಿತೆಂದು ಕಂಡುಬಂದಾಗ, ಅದು ಜೀವಕೋಶದ ನಿಯಂತ್ರಣಕ್ರಮವೋ ಅಥವಾ ಸಾಬೂನಿನ ಹಾವಳಿಯೋ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಜೀವಕೋಶದಲ್ಲಿ ಈ ಎಸ್ಟರುಗಳನ್ನು ಹಿಡಿದಿಟ್ಟುಕೊಳ್ಳುವ ಪ್ರತ್ಯೇಕ ಪ್ರೋಟೀನುಗಳೇ ಇವೆ. ಪ್ರನಾಳದಲ್ಲಿ ಆ ರಕ್ಷಣೆ ಇರುವುದಿಲ್ಲ. ಲಿನೋಲಿಯಿಕ್ ಆಮ್ಲದ ಎಸ್ಟರುಗಳಿಗಂತೂ ಗಾಳಿಯ ಆಮ್ಲಜನಕದ ಭಯವೂ ಸೇರಿಕೊಳ್ಳುತ್ತದೆ.

೭. ಕಡಲೆಬೀಜದಲ್ಲಿ ಪಟುರೂಪದ ಎರಡು ದಾರಿಗಳು

ಬಲಿಯುತ್ತಿರುವ ಬೀಜದಲ್ಲಿ ಅಸೈಲ್ ಸಹಕಿಣ್ವ-ಎಯು ತನ್ನ ಮೇದಾಮ್ಲವನ್ನು ಗ್ಲಿಸರಾಲಿನ ಬೆನ್ನಿಗೆ ಒಪ್ಪಿಸಿ ಎಣ್ಣೆಯನ್ನು ಕಟ್ಟುತ್ತದೆ. ಈ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮ್ ರಾಜಶೇಖರನ್ ಮತ್ತು ಸಂಗಡಿಗರು ಎಳೆಯ ಕಡಲೆಬೀಜವನ್ನೇ ಆರಿಸಿಕೊಂಡು ನಡೆಸಿದ ಕೆಲಸವು ಉಲ್ಲೇಖಾರ್ಹ. ೨೦೦೧ರಲ್ಲಿ ಅವರು ಮಾನೊಅಸೈಲ್‌ಗ್ಲಿಸರಾಲಿಗೆ ಮೇದಾಮ್ಲವನ್ನು ಕೂಡಿಸುವ ಕಿಣ್ವವನ್ನು ಬಲಿಯುತ್ತಿರುವ ಬೀಜದಳಗಳಿಂದ ಶುದ್ಧಿಮಾಡಿದರು. ೨೦೦೬ರಲ್ಲಿ ಕೊನೆಯ ಮೇದಾಮ್ಲವನ್ನು ಕೂಡಿಸುವ, ಕೋಶದ್ರವದಲ್ಲಿ ಕರಗಿರುವ ಕಿಣ್ವದ ಜೀನನ್ನು ವರದಿಮಾಡಿದರು. ಎಣ್ಣೆಯ ನಿರ್ಮಾಣವು ಕೋಶದ ಪೊರೆಗಳಲ್ಲಿ ಮಾತ್ರ ನಡೆಯುತ್ತದೆಂಬ ರೂಢಿಯ ಅಭಿಪ್ರಾಯಕ್ಕೆ ಇದು ಹೊಸದೊಂದು ಪಕ್ಕವನ್ನು ಸೇರಿಸಿತು.

ಮೊಳೆಯುವ ಬೀಜದಲ್ಲಿ ಅದೇ ಅಸೈಲ್ ಸಹಕಿಣ್ವ-ಎಯು ವಿರುದ್ಧ ದಿಕ್ಕಿಗೆ ನಡೆಯುತ್ತದೆ. ಸರಪಳಿ ಎರಡೆರಡು ಇಂಗಾಲಗಳಾಗಿ ಕಡಿದು ಅಸಿಟೈಲ್ ಸಹಕಿಣ್ವ-ಎ ಆಗುತ್ತದೆ; ಅದು ಗ್ಲೈಆಕ್ಸಿಲೇಟ್ ಚಕ್ರದ ಮೂಲಕ ಸಕ್ಕರೆಯ ದಾರಿ ಹಿಡಿಯುತ್ತದೆ. ಸಸ್ಯಗಳಲ್ಲಿ ಈ ಚಕ್ರವನ್ನು ೧೯೫೭ರಲ್ಲಿ ಹ್ಯಾನ್ಸ್ ಕಾರ್ನ್‌ಬರ್ಗ್ ಮತ್ತು ಹ್ಯಾರಿ ಬೀವರ್ಸ್ ಹರಳುಬೀಜದಲ್ಲಿ ಕಂಡರು. ಅದರ ಕಿಣ್ವಗಳು ಮೊಳೆಯುವ ಕಡಲೆಬೀಜದಲ್ಲಿಯೂ ಇರುವುದನ್ನು ೧೯೬೦ರಲ್ಲಿ ಮಾರ್ಕಸ್ ಮತ್ತು ವೆಲಾಸ್ಕೊ ತಿಳಿಸಿದರು. ಈ ಕೆಲಸಕ್ಕಾಗಿ ಮೀಸಲಾದ ಗ್ಲೈಆಕ್ಸಿಸೋಮ್ ಎಂಬ ಕಣಗಳನ್ನು ಬ್ರೈಡನ್‌ಬಾಕ್ ಮತ್ತು ಬೀವರ್ಸ್ ೧೯೬೭ರಲ್ಲಿ ಹರಳುಬೀಜದಿಂದಲೇ ಬೇರ್ಪಡಿಸಿದರು.

೮. ನಲವತ್ತು ವರ್ಷ ಮರೆಯಲ್ಲಿದ್ದ ಮಧ್ಯವರ್ತಿ

ಕಡಲೆಬೀಜದಲ್ಲಿ ಇನ್ನೊಂದು ಬಗೆಯ ಕ್ರಿಯೆಯಿದೆ. ಅದರ ಕಥೆಯು ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರದ್ದು. ಕ್ಯಾಲಿಫೋರ್ನಿಯದ ಪಾಲ್ ಸ್ಟಂಫ್ ೧೯೫೦ರ ದಶಕದಲ್ಲಿ ಮೊಳೆತ ಕಡಲೆಬೀಜದ ಸಾರಕ್ಕೆ ಪಾಮಿಟಿಕ್ ಆಮ್ಲವನ್ನು ಕೊಟ್ಟಾಗ, ಆಮ್ಲದ ಮೊದಲ ಇಂಗಾಲವೊಂದೇ ಇಂಗಾಲಾಮ್ಲವಾಯುವಾಗಿ ಹೊರಬಂದಿತು. ಎರಡೆರಡಾಗಿ ಕಡಿಯುವ ಕ್ನೂಪನ ಕ್ರಮಕ್ಕೆ ಇದು ಹೊಂದುವುದಿಲ್ಲ. ಎಟಿಪಿಯಾಗಲಿ ಸಹಕಿಣ್ವ-ಎಯಾಗಲಿ ಇದಕ್ಕೆ ಬೇಕಿರಲಿಲ್ಲ. ೧೯೫೯ರಲ್ಲಿ ಮಾರ್ಟಿನ್ ಮತ್ತು ಸ್ಟಂಫ್ ಇದನ್ನು ಆಲ್ಫಾ ಉತ್ಕರ್ಷಣವೆಂದು ವಿವರಿಸಿದರು. ಮೇದಾಮ್ಲವು ಒಂದು ಇಂಗಾಲವನ್ನು ಕಳೆದುಕೊಂಡು ಆಲ್ಡಿಹೈಡಾಗುವುದು ಕಂಡುಬಂದಿತು. ನಡುವೆ ಯಾವ ಪದಾರ್ಥವಿದೆ ಎಂಬುದು ಮಾತ್ರ ಕಾಣಲಿಲ್ಲ. ಮೊದಮೊದಲು ಹೈಡ್ರೊಜನ್ ಪೆರಾಕ್ಸೈಡನ್ನು ಬಳಸುವ ಪೆರಾಕ್ಸಿಡೇಸ್ ಕಿಣ್ವವೇ ಇದಕ್ಕೆ ಕಾರಣವೆಂಬ ಅಭಿಪ್ರಾಯವಿತ್ತು. ೧೯೭೪ರಲ್ಲಿ ಶೈನ್ ಮತ್ತು ಸ್ಟಂಫ್, ಗಾಳಿಯ ಆಮ್ಲಜನಕವೇ ನೇರವಾಗಿ ಎರಡನೆಯ ಇಂಗಾಲಕ್ಕೆ ಸೇರಿ ೨-ಹೈಡ್ರೊಪೆರಾಕ್ಸಿ ಆಮ್ಲವಾಗುತ್ತದೆಂದು ಸೂಚಿಸಿದರು. ಆದರೆ ಸೂಚನೆ ಬೇರೆ, ಪ್ರತ್ಯಕ್ಷ ಪ್ರಮಾಣ ಬೇರೆ.

ಆ ಪದಾರ್ಥವು ಕೈಗೆ ಸಿಗದಿದ್ದುದಕ್ಕೆ ಕಾರಣ ಅದರ ಅಸ್ಥಿರತೆ. ಕಾರ್ಬಾಕ್ಸಿಲಿನ ಪಕ್ಕದಲ್ಲಿಯೇ ಪೆರಾಕ್ಸೈಡು ಕುಳಿತಿರುವುದರಿಂದ ಅದು ತಾನಾಗಿಯೇ ಇಂಗಾಲಾಮ್ಲವಾಯುವನ್ನೂ ನೀರನ್ನೂ ಬಿಟ್ಟು ಆಲ್ಡಿಹೈಡಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದರ ಅರ್ಧಾಯು ಸುಮಾರು ಅರ್ಧ ಗಂಟೆಯಷ್ಟು. ಸಾವಕಾಶವಾಗಿ ಪ್ರಯೋಗ ನಡೆಸಿ, ಆಮೇಲೆ ಆಮ್ಲ ಹಾಕಿ ಬಿಸಿಮಾಡಿ ಪದಾರ್ಥಗಳನ್ನು ಬೇರ್ಪಡಿಸಿದವರಿಗೆ ಆಲ್ಡಿಹೈಡಲ್ಲದೆ ಬೇರೇನು ಸಿಗಬೇಕು? ೧೯೯೯ರಲ್ಲಿ ಸ್ವೀಡನ್ನಿನ ಮ್ಯಾಟ್ಸ್ ಹ್ಯಾಂಬರ್ಗ್, ಸ್ಪೇನಿನ ಸಾನ್ಸ್ ಮತ್ತು ಕಾಸ್ಟ್ರೆಸಾನ ಇವರು, ರೋಗಾಣು ತಗುಲಿದಾಗ ಹೊಗೆಸೊಪ್ಪಿನ ಗಿಡದಲ್ಲಿ ಹೆಚ್ಚುವ ಪ್ರೋಟೀನೊಂದನ್ನು ಪರೀಕ್ಷಿಸುತ್ತಿದ್ದರು. ಶೈತ್ಯವನ್ನೂ ಅಲ್ಪಾವಧಿಯನ್ನೂ ಕಾಪಾಡಿಕೊಂಡು ಅವರು ೨-ಹೈಡ್ರೊಪೆರಾಕ್ಸಿ ಲಿನೋಲೆನಿಕ್ ಆಮ್ಲವನ್ನು ಗುರುತಿಸಿದರು. ಆ ಕಿಣ್ವಕ್ಕೆ ಆಲ್ಫಾ ಡೈಆಕ್ಸಿಜನೇಸ್ ಎಂಬ ಹೆಸರಾಯಿತು. ರಾಸಾಯನಿಕವಾಗಿ ಇಂಥ ಆಮ್ಲಗಳನ್ನು ತಯಾರಿಸಬೇಕಾದರೆ, ಪ್ರಬಲ ಪ್ರತ್ಯಾಮ್ಲದಿಂದ ಮೇದಾಮ್ಲದ ಎರಡು ಜಲಜನಕಗಳನ್ನೂ ಕಿತ್ತು, ಸೊನ್ನೆಗಿಂತ ಬಹಳ ಕೆಳಗಿನ ಶೈತ್ಯದಲ್ಲಿ ಆಮ್ಲಜನಕವನ್ನು ಹಾಯಿಸುತ್ತಾರೆ.

ಕಿಣ್ವವಿತ್ತು, ಕ್ರಿಯೆಯಿತ್ತು, ಬೀಜವೂ ಸುಲಭವಾಗಿ ದೊರೆಯುವಂಥದು. ಮಧ್ಯವರ್ತಿಯ ಆಯುಷ್ಯಕ್ಕೆ ಪ್ರಯೋಗದ ಅವಧಿಯು ಹೊಂದಿಕೊಳ್ಳುವವರೆಗೆ ಪ್ರಶ್ನೆಯು ಇತ್ಯರ್ಥವಾಗಲಿಲ್ಲ.

೯. ಕಮಟು ಎಣ್ಣೆ

ಲೇಖನದ ಮೊದಲಲ್ಲಿ ಹೇಳಿದ ಕಮಟು ವಾಸನೆಗೂ ಹೈಡ್ರೊಪೆರಾಕ್ಸೈಡುಗಳೇ ಮೂಲ. ಲಿನೋಲಿಯಿಕ್ ಆಮ್ಲದ ಎರಡು ದ್ವಿಬಂಧಗಳ ನಡುವಿನ ಜಲಜನಕವು ಸಡಿಲ. ಅದು ಕಳಚಿದ ಜಾಗಕ್ಕೆ ಗಾಳಿಯ ಆಮ್ಲಜನಕವು ಸೇರುತ್ತದೆ. ಸೋಯಾ ಅವರೆಯ ಲಿಪಾಕ್ಸಿಜನೇಸ್ ಕಿಣ್ವವನ್ನು ಪಿಎಚ್ ೯ರಲ್ಲಿ, ಶೈತ್ಯದಲ್ಲಿ, ಆಮ್ಲಜನಕದೊಡನೆ ಬಳಸಿ ೧೩-ಹೈಡ್ರೊಪೆರಾಕ್ಸೈಡನ್ನು ಶುದ್ಧವಾಗಿಯೇ ತಯಾರಿಸಬಹುದು. ೨೩೪ ನ್ಯಾನೊಮೀಟರಿನ ಬೆಳಕಿನಿಂದ ಅದನ್ನು ಅಳೆಯಬಹುದು. ಮದ್ಯಸಾರದಲ್ಲಿ ಕರಗಿಸಿ, ಬೆಳಕು ತಾಗದಂತೆ ಶೈತ್ಯದಲ್ಲಿಟ್ಟರೆ ಇದು ಬಹುಕಾಲ ಉಳಿಯುತ್ತದೆ. ಕಬ್ಬಿಣ ಅಥವಾ ತಾಮ್ರದ ಸೋಂಕು ತಗುಲಿದರೆ ಒಡೆದು ಹೆಕ್ಸನಾಲ್ ಮೊದಲಾದ ವಾಸನೆಯ ಪದಾರ್ಥಗಳನ್ನು ಬಿಡುತ್ತದೆ.

ಎಣ್ಣೆ ಎಷ್ಟು ಕೆಟ್ಟಿದೆಯೆಂಬುದನ್ನು ತಿಳಿಯಲು ಪೆರಾಕ್ಸೈಡ್ ಮೌಲ್ಯವನ್ನು ನೋಡುವುದು ರೂಢಿ: ಪೊಟ್ಯಾಸಿಯಂ ಅಯೊಡೈಡಿನಿಂದ ಬಿಡುಗಡೆಯಾದ ಅಯೊಡೀನನ್ನು ಥಯೊಸಲ್ಫೇಟಿನಿಂದ ಅಳೆಯುತ್ತೇವೆ. ಆದರೆ ಪೆರಾಕ್ಸೈಡು ಮಧ್ಯವರ್ತಿಯೇ ಹೊರತು ಕೊನೆಯ ಪದಾರ್ಥವಲ್ಲ. ಎಣ್ಣೆ ಹಳತಾದಂತೆ ಈ ಮೌಲ್ಯವು ಮೊದಲು ಏರುತ್ತದೆ, ಪೆರಾಕ್ಸೈಡುಗಳು ಉತ್ಪತ್ತಿಗಿಂತ ಬೇಗನೆ ಒಡೆಯತೊಡಗಿದಾಗ ಇಳಿಯುತ್ತದೆ. ತೀರ ಕೆಟ್ಟ ಎಣ್ಣೆಯೊಂದು ಈ ಪರೀಕ್ಷೆಯಲ್ಲಿ ಒಳ್ಳೆಯ ಎಣ್ಣೆಯಂತೆ ತೋರಬಹುದು. ಆದುದರಿಂದ ಆಲ್ಡಿಹೈಡುಗಳನ್ನು ಅಳೆಯುವ ಪರೀಕ್ಷೆಯೊಂದನ್ನೂ ಜೊತೆಗೆ ನಡೆಸದೆ, ಒಂದೇ ದಿನದ ಒಂದೇ ಅಂಕಿಯಿಂದ ರೈತನ ಅಥವಾ ವ್ಯಾಪಾರಿಯ ಸರಕಿನ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ.

೧೦. ಕಾಲೇಜುಗಳಲ್ಲಿ ಮಾಡಬಹುದಾದ ಪ್ರಯೋಗ

ಸಹಕಿಣ್ವ-ಎಯು ದುಬಾರಿಯಾದ ಪದಾರ್ಥ. ಎಲ್ಲ ಕಾಲೇಜುಗಳಿಗೂ ಎಟುಕದು. ಆದರೂ ಪಟುರೂಪದ ಸ್ಥಿರತೆಯನ್ನು ಅಳೆಯುವ ತತ್ತ್ವವನ್ನು ಅಗ್ಗದ ಸಾಮಗ್ರಿಯಿಂದ ಕಲಿಸಬಹುದು. ೧೯೪೫ರಲ್ಲಿ ಲಿಪ್‌ಮನ್ ಮತ್ತು ಟಟಲ್ ಪ್ರಕಟಿಸಿದ ಹೈಡ್ರಾಕ್ಸಮೇಟ್ ಪರೀಕ್ಷೆಯು ಇದಕ್ಕೆ ಸಾಕು. ಪಟುವಾದ ಅಸೈಲ್ ಗುಂಪು ತಟಸ್ಥ ಹೈಡ್ರಾಕ್ಸಿಲಮೀನಿನೊಡನೆ ಸೇರಿ ಹೈಡ್ರಾಕ್ಸಮಿಕ್ ಆಮ್ಲವಾಗುತ್ತದೆ. ಆಮ್ಲೀಯ ಫೆರಿಕ್ ಕ್ಲೋರೈಡನ್ನು ಸೇರಿಸಿದರೆ ಕೆನ್ನೇರಿಳೆ ಬಣ್ಣ ಬರುತ್ತದೆ. ಅದನ್ನು ೫೪೦ ನ್ಯಾನೊಮೀಟರಿನಲ್ಲಿ ಅಳೆಯಬಹುದು. ಅಸಿಟಿಕ್ ಆಮ್ಲವು ಈ ಬಣ್ಣವನ್ನು ಕೊಡುವುದಿಲ್ಲ. ಸಾಮಾನ್ಯ ಎಸ್ಟರುಗಳು ಹೈಡ್ರಾಕ್ಸಿಲಮೀನು ಕ್ಷಾರೀಯವಾಗಿದ್ದಾಗ ಮಾತ್ರ ಕೊಡುತ್ತವೆ.

ಅಸಿಟಿಕ್ ಅನ್‌ಹೈಡ್ರೈಡಿನ ಅಲ್ಪಾಂಶವನ್ನು ಮಂಜುನೀರಿನಲ್ಲಿ ಕಲಕಿ, ನಿಯತ ಕಾಲಕ್ಕೊಮ್ಮೆ ಒಂದೊಂದು ಪಾಲನ್ನು ಹೈಡ್ರಾಕ್ಸಿಲಮೀನಿಗೆ ಹಾಕಿ ಬಣ್ಣವನ್ನು ಅಳೆಯಬೇಕು. ಬಣ್ಣದ ಲಾಗರಿತಮ್ಮನ್ನು ಕಾಲದ ಎದುರು ಗುರುತಿಸಿದರೆ ಸರಳರೇಖೆ ಬರುತ್ತದೆ. ಅದರ ಇಳಿಜಾರಿನಿಂದ ಅರ್ಧಾಯು ಸಿಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಪುನಃ ಮಾಡಿದರೆ ಶೈತ್ಯದ ಬೆಲೆ ತಾನಾಗಿಯೇ ವಿದಿತವಾಗುತ್ತದೆ. ಹೈಡ್ರಾಕ್ಸಿಲಮೀನು ವಿಷಕಾರಿಯಾದುದರಿಂದಲೂ, ಅನ್‌ಹೈಡ್ರೈಡು ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದಲೂ, ಕೈಗವಸು ಮತ್ತು ಕನ್ನಡಕವನ್ನು ಧರಿಸಿ ಗಾಳಿಗಂಡಿಯಲ್ಲಿಯೇ ಕೆಲಸ ಮಾಡಬೇಕು.

ಇದುವರೆಗೆ ಹೇಳಿದುದರಿಂದ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಒಂದು ಅಭ್ಯಾಸವನ್ನು ರೂಢಿಸಿಕೊಳ್ಳಬಹುದೆಂದು ನಾವು ಭಾವಿಸುತ್ತೇವೆ. ‘ಈ ಸಾರದಲ್ಲಿ ಕಿಣ್ವವಿಲ್ಲ’ ಎಂದು ಬರೆಯುವ ಮೊದಲು, ಕಿಣ್ವಕ್ಕೆ ಒಪ್ಪಿಸಿದ ಪಟುರೂಪವು ಆ ಹೊತ್ತಿಗೆ ಉಳಿದಿತ್ತೇ ಎಂಬುದನ್ನು ಅಳೆದು ನೋಡಬೇಕು. ಕಿಣ್ವವಿಲ್ಲದ ಪ್ರನಾಳವೊಂದನ್ನು ಅದೇ ಪಿಎಚ್‌ನಲ್ಲಿ, ಅದೇ ಉಷ್ಣತೆಯಲ್ಲಿ, ಅಷ್ಟೇ ಹೊತ್ತು ಇಟ್ಟು ಪರೀಕ್ಷಿಸಿದರೆ ಇದು ತಿಳಿಯುತ್ತದೆ. ಪದಾರ್ಥವನ್ನು ತಯಾರಿಸಿದ ದಿನ, ಕೂಡಿಟ್ಟ ದ್ರಾವಣದ ಪಿಎಚ್, ಪ್ರಯೋಗದ ದಿನ ಉಳಿದಿದ್ದ ಪ್ರಮಾಣ—ಈ ಮೂರನ್ನೂ ಫಲಿತಾಂಶದ ಜೊತೆಗೆ ದಾಖಲಿಸಿದರೆ, ಅನಂತರ ಓದುವವರು ಅದನ್ನು ನಂಬಿ ಮುಂದುವರಿಯಬಹುದು.